ಎಸಿ ರಿಪೇರಿಯೋ, ಹೊಸ ಎಸಿಯೋ: ಕೊಟೇಶನ್‌ಗಳನ್ನು ಹೋಲಿಸುವ ಬಗೆ

ಬೆಂಗಳೂರಿನಲ್ಲಿ ಮಾರ್ಚ್ ಕಾಲಿಟ್ಟ ಕೂಡಲೇ ಎಸಿ ಮೆಕ್ಯಾನಿಕ್‌ಗಳಿಗೆ ಬಿಡುವೇ ಸಿಗುವುದಿಲ್ಲ. ಆ ಅವಸರದಲ್ಲಿ ಎರಡು ಮೂರು ಕಡೆಯಿಂದ ಕೊಟೇಶನ್ ತರಿಸಿದವರು ಸಾಮಾನ್ಯವಾಗಿ ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡಿ, ಕಡಿಮೆ ಹೇಳಿದವರನ್ನು ಕರೆಯುತ್ತಾರೆ. ಆದರೆ ಒಬ್ಬರು ಸೋರಿಕೆ ಮುಚ್ಚಿ ಗ್ಯಾಸ್ ತುಂಬುವುದಕ್ಕೆ ಬೆಲೆ ಹೇಳಿರುತ್ತಾರೆ, ಇನ್ನೊಬ್ಬರು ಬರೀ ಗ್ಯಾಸ್ ತುಂಬುವುದಕ್ಕೆ ಹೇಳಿರುತ್ತಾರೆ. ಎರಡೂ ಕೊಟೇಶನ್‌ಗಳು ಒಂದೇ ಕೆಲಸವನ್ನು ಕುರಿತು ಮಾತನಾಡುವಂತೆ ಮಾಡುವವರೆಗೆ ಆ ಮೊತ್ತಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಆದ್ದರಿಂದ ಬೆಲೆ ಕೇಳುವುದಕ್ಕೆ ಮೊದಲು ದೋಷವೇನೆಂದು ಕೇಳಿ. ಬಂದ ಟೆಕ್ನೀಷಿಯನ್ ಏನನ್ನು ಪರೀಕ್ಷಿಸಿದರು, ಏನು ಕಂಡುಬಂತು, ಯಾವ ಭಾಗವನ್ನು ಬದಲಿಸಬೇಕು ಎಂಬುದನ್ನು ಯಂತ್ರದ ಮಾಡೆಲ್ ಸಂಖ್ಯೆಯೊಂದಿಗೆ ಬರೆದು ಕೊಡಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೂ ಸಾಕು. ವಿಸಿಟಿಂಗ್ ಚಾರ್ಜ್ ಎಷ್ಟು, ಕೆಲಸ ಅವರಿಗೇ ಕೊಟ್ಟರೆ ಅದು ಒಟ್ಟು ಮೊತ್ತದಲ್ಲಿ ಕಳೆಯುತ್ತದೆಯೇ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ಹಾಗೆಯೇ ಖರೀದಿಯ ಬಿಲ್ ಹುಡುಕಿ ವಾರಂಟಿ ನೋಡಿ. ಕಂಪ್ರೆಸರ್‌ಗೆ ಐದರಿಂದ ಹತ್ತು ವರ್ಷಗಳ ವಾರಂಟಿ ಇರುವುದು ಸಾಮಾನ್ಯ. ಅವಧಿ ಮುಗಿಯದಿದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ಗೇ ಮೊದಲು ಹೇಳಿ. ಹೊರಗಿನವರು ಯಂತ್ರ ಬಿಚ್ಚಿದರೆ ವಾರಂಟಿ ಹೋಗಬಹುದು. ವಾರಂಟಿಯಲ್ಲಿ ಕಂಪ್ರೆಸರ್ ಉಚಿತವಾದರೂ ಗ್ಯಾಸ್ ಮತ್ತು ಕೂಲಿಗೆ ಬೇರೆ ಹಣ ಕೇಳುವುದುಂಟು.

‘ಕಂಪ್ರೆಸರ್ ಹೋಗಿದೆ’ ಎಂಬ ಮಾತನ್ನು ಪರೀಕ್ಷೆಯಿಲ್ಲದೆ ಒಪ್ಪಬೇಡಿ. ಇನ್ವರ್ಟರ್ (ಕಂಪ್ರೆಸರ್‌ನ ವೇಗವನ್ನು ಬೇಕಾದಂತೆ ಬದಲಿಸುವ ಬಗೆ) ಅಲ್ಲದ ಯಂತ್ರಗಳಲ್ಲಿ, ಕಂಪ್ರೆಸರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಎಂಬ ಸಣ್ಣ ಭಾಗ ಕೆಟ್ಟರೂ ಕಂಪ್ರೆಸರ್ ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ. ಕೆಪಾಸಿಟರ್‌ಗೂ ಕಂಪ್ರೆಸರ್‌ಗೂ ಬೆಲೆಯಲ್ಲಿ ಅಜಗಜಾಂತರ. ಇನ್ವರ್ಟರ್ ಯಂತ್ರಗಳಲ್ಲಿ ಇಂಥ ಅನುಮಾನ ಪಿಸಿಬಿಯ, ಅಂದರೆ ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡಿನ, ಮೇಲೆ ಹೋಗುತ್ತದೆ. ಯಂತ್ರ ತೋರಿಸುವ ಎರರ್ ಕೋಡ್ ಯಾವುದೆಂದು ಕೊಟೇಶನ್‌ನಲ್ಲಿ ಬರೆಸಿ. ಒಬ್ಬರು ಹೊಸ ಬೋರ್ಡಿಗೂ ಇನ್ನೊಬ್ಬರು ಹಳೆಯ ಬೋರ್ಡನ್ನೇ ಸರಿಪಡಿಸುವುದಕ್ಕೂ ಬೆಲೆ ಹೇಳಿದ್ದರೆ ಅವೆರಡೂ ಬೇರೆ ಬೇರೆ ಕೆಲಸಗಳು. ಸರಿಪಡಿಸಿದ ಬೋರ್ಡಿಗೆ ಎಷ್ಟು ತಿಂಗಳ ಗ್ಯಾರಂಟಿ ಎಂಬುದು ಅಲ್ಲಿ ಮುಖ್ಯವಾಗುತ್ತದೆ.

ಗ್ಯಾಸ್ ವಿಷಯದಲ್ಲಿ ನಮ್ಮ ಜನರು ಕಳೆದುಕೊಳ್ಳುವ ಹಣ ನೋಡಿದರೆ ನಿಜವಾಗಿ ಬೇಸರವಾಗುತ್ತದೆ. ಎಸಿಯ ಗ್ಯಾಸ್ ಕಾರಿನ ಪೆಟ್ರೋಲಿನಂತೆ ಖರ್ಚಾಗಿ ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸಿದರೆ ಮುಂದಿನ ಬೇಸಿಗೆಯ ಹೊತ್ತಿಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಅದೇ ಖರ್ಚು ಮತ್ತೆ ಬರುತ್ತದೆ. ಸರಿಯಾದ ಕೊಟೇಶನ್‌ನಲ್ಲಿ ನೈಟ್ರೋಜನ್ ತುಂಬಿ ಒತ್ತಡದಲ್ಲಿ ಸೋರಿಕೆ ಪತ್ತೆ ಮಾಡುವುದು, ಆ ಜಾಗವನ್ನು ಬ್ರೇಜಿಂಗ್ ಮಾಡುವುದು (ಲೋಹ ಕರಗಿಸಿ ಬೆಸೆಯುವುದು) ಅಥವಾ ಜೋಡಣೆಯನ್ನು ಹೊಸದಾಗಿ ಮಾಡುವುದು, ವ್ಯಾಕ್ಯೂಮ್ ಪಂಪ್‌ನಿಂದ ಕೊಳವೆಯೊಳಗಿನ ಗಾಳಿ ಮತ್ತು ತೇವ ತೆಗೆಯುವುದು, ಬಳಿಕ ಯಂತ್ರದ ಫಲಕದಲ್ಲಿ ನಮೂದಿಸಿದ ತೂಕದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿಟ್ಟು ತುಂಬುವುದು, ಈ ನಾಲ್ಕೂ ಇರಬೇಕು. ಇವುಗಳಲ್ಲಿ ಯಾವುದನ್ನು ಬಿಟ್ಟಿದ್ದಾರೆಂದು ನೋಡಿದರೆ ಕಡಿಮೆ ಬೆಲೆಯ ಕಾರಣ ಅಲ್ಲಿಯೇ ಸಿಗುತ್ತದೆ. ಯಾವ ಗ್ಯಾಸ್ ಎಂಬುದನ್ನೂ ಬರೆಸಿ. ಆರ್-32, ಆರ್-410ಎ, ಹಳೆಯ ಯಂತ್ರಗಳ ಆರ್-22 ಒಂದರ ಬದಲು ಇನ್ನೊಂದನ್ನು ಹಾಕುವಂಥವಲ್ಲ, ಮತ್ತು ಆರ್-32ಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತಿಕೊಳ್ಳುವ ಗುಣವಿರುವುದರಿಂದ ಅದನ್ನು ಅರಿತವರೇ ಕೈ ಹಾಕಬೇಕು.

ರಿಪೇರಿಯೋ ಹೊಸದೋ ಎಂಬ ನಿರ್ಧಾರ ದೋಷ ತಿಳಿದ ಮೇಲೆ ಅಷ್ಟು ಕಷ್ಟವಲ್ಲ. ಐದಾರು ವರ್ಷಗಳೊಳಗಿನ ಯಂತ್ರವನ್ನು ಬಹುಮಟ್ಟಿಗೆ ರಿಪೇರಿ ಮಾಡಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಗ್ಯಾಸ್ ಹರಿಯುವ ಕೊಳವೆಗಳ ಸುರುಳಿ, ಅಂದರೆ ಕಾಯಿಲ್, ಮತ್ತೆ ಮತ್ತೆ ಬೇರೆ ಬೇರೆ ಕಡೆ ತೂತಾಗುತ್ತಿದ್ದರೆ ಮಾತ್ರ ಯೋಚಿಸಬೇಕು. ಆರ್-22 ಯಂತ್ರದ ಕಂಪ್ರೆಸರ್ ಕೆಟ್ಟಿದ್ದರೆ ಹಣ ಹಾಕಬೇಡಿ. ಓಝೋನ್ ಪದರವನ್ನು ಉಳಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆ ಗ್ಯಾಸನ್ನು ನಮ್ಮ ದೇಶ 2030ರ ಗುರಿಯಿಟ್ಟು ಹಂತಹಂತವಾಗಿ ಕೈಬಿಡುತ್ತಿದೆ.

ಹೊಸ ಎಸಿಯ ಕೊಟೇಶನ್‌ಗಳಲ್ಲಿ ಮೊದಲು ಹೋಲಿಸಬೇಕಾದದ್ದು ಟನ್. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್‌ನಷ್ಟು ಶಾಖವನ್ನು ಹೊರಹಾಕುವ ಶಕ್ತಿ. ಮಧ್ಯದ ಮಹಡಿಯ ಹತ್ತು-ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ ಸಾಕಾಗುವುದು ಸಾಮಾನ್ಯ, ಅಷ್ಟೇ ಅಳತೆಯ ಕೋಣೆ ಬಿಸಿಲಿಗೆ ಕಾದ ತಾರಸಿಯ ಕೆಳಗಿದ್ದರೆ ಸಾಲದಿರಬಹುದು. ಕೋಣೆಯನ್ನು ನೋಡದೆ ಫೋನಿನಲ್ಲೇ ಟನ್ ಹೇಳಿದವರ ಕೊಟೇಶನ್ ಅಪೂರ್ಣವೆಂದೇ ತಿಳಿಯಿರಿ.

ಸ್ಟಾರ್ ವಿಷಯವನ್ನು ಬೆಂಗಳೂರಿನ ಹವೆಗೆ ತಕ್ಕಂತೆ ಲೆಕ್ಕ ಹಾಕಬೇಕು. ಸ್ಟಾರ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯ ಲೇಬಲ್ ಮೇಲಿನ ವಾರ್ಷಿಕ ಯೂನಿಟ್ ವರ್ಷಕ್ಕೆ 1,600 ಗಂಟೆಗಳ ಬಳಕೆಯನ್ನು ಆಧರಿಸಿದೆ. ನಮ್ಮಲ್ಲಿ ಮೂರು ತಿಂಗಳು, ರಾತ್ರಿ ಆರು ಗಂಟೆ ಮಾತ್ರ ಹಾಕುವ ಮನೆಯಾದರೆ ಬಳಕೆ 540 ಗಂಟೆ, ಅಂದರೆ ಅದರ ಮೂರನೆಯ ಒಂದು ಭಾಗ. ಮೂರು ಸ್ಟಾರ್ ಯಂತ್ರದ ಲೇಬಲ್ 1,000 ಯೂನಿಟ್, ಐದು ಸ್ಟಾರ್‌ನದು 750 ಯೂನಿಟ್ ಎಂದಿಟ್ಟುಕೊಂಡರೆ, ನಿಮಗೆ ನಿಜವಾಗಿ ಉಳಿಯುವುದು ವರ್ಷಕ್ಕೆ ಸುಮಾರು 84 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 500 ರೂಪಾಯಿಯ ಆಸುಪಾಸು. ಎಂಟು ಸಾವಿರ ಹೆಚ್ಚು ಕೊಟ್ಟು ಐದು ಸ್ಟಾರ್ ತಂದರೆ ಆ ಹಣ ಮರಳಲು ಹದಿನಾರು ವರ್ಷ ಬೇಕು. ಆದರೆ ಗೃಹಜ್ಯೋತಿ ಇರುವ ಮನೆಗಳಲ್ಲಿ ಈ ಲೆಕ್ಕ ಬದಲಾಗುತ್ತದೆ. ಎಸಿ ಇಲ್ಲದೆ ತಿಂಗಳಿಗೆ 110 ಯೂನಿಟ್ ಬಳಸುವ ಮನೆಯಲ್ಲಿ ಆ ಮೂರು ಸ್ಟಾರ್ ಯಂತ್ರ ಬೇಸಿಗೆಯ ಬಳಕೆಯನ್ನು 222ರವರೆಗೆ ಒಯ್ದರೆ ಐದು ಸ್ಟಾರ್ ಯಂತ್ರ 194ರಲ್ಲೇ ನಿಲ್ಲಿಸುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ದಾಟದಿದ್ದರೆ ನಿಮ್ಮ ಮನೆಗೆ ನಿಗದಿಯಾದ ಯೂನಿಟ್‌ಗಳನ್ನು ಮೀರಿದ್ದಕ್ಕಷ್ಟೇ. ಹಾಗಾಗಿ ಅಂಗಡಿಯವರ ಮಾತಿಗಿಂತ ಕಳೆದ ವರ್ಷದ ಏಪ್ರಿಲ್-ಮೇ ತಿಂಗಳ ಬೆಸ್ಕಾಂ ಬಿಲ್ ಎದುರಿಗಿಟ್ಟುಕೊಂಡು ಸ್ಟಾರ್ ಆರಿಸಿ.

ಯಂತ್ರದ ಬೆಲೆಯಲ್ಲಿ ಕಾಣದ ಖರ್ಚು ಅಳವಡಿಕೆಯಲ್ಲಿರುತ್ತದೆ. ಎಷ್ಟು ಮೀಟರ್ ತಾಮ್ರದ ಪೈಪ್ ಸೇರಿದೆ, ಹೆಚ್ಚಾದರೆ ಮೀಟರಿಗೆ ಎಷ್ಟು, ಔಟ್‌ಡೋರ್ ಯೂನಿಟ್‌ನ ಸ್ಟ್ಯಾಂಡ್, ಡ್ರೈನ್ ಪೈಪ್, ಗೋಡೆ ಕೊರೆಯುವುದು, ಹಳೆಯದನ್ನು ಬಿಚ್ಚುವುದು, ಸ್ಟೆಬಿಲೈಸರ್ ಬೇಕೇ ಬೇಡವೇ, ಇವೆಲ್ಲಕ್ಕೂ ಬೇರೆ ಬೇರೆ ಸಾಲು ಕೇಳಿ. ಹಳೆಯ ಮನೆಗಳಲ್ಲಿ ಎಸಿಗೆ ಪ್ರತ್ಯೇಕ ಲೈನ್ ಎಳೆಸಿ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಬೇಕಾಗಬಹುದು. ಎರಡನೆಯ ಎಸಿ ಹಾಕುವವರು ಮಂಜೂರಾದ ಲೋಡ್ ಸಾಕೇ ಎಂದು ಬೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ಹಳೆಯ ಯಂತ್ರಕ್ಕೆ ಕೊಡುವ ಎಕ್ಸ್‌ಚೇಂಜ್ ಮೊತ್ತವನ್ನು ಹೊಸದರ ಬೆಲೆಯಲ್ಲಿ ಕಳೆದು ತೋರಿಸದೆ ಪ್ರತ್ಯೇಕವಾಗಿ ಬರೆಸಿ, ಏಕೆಂದರೆ ಅದರೊಳಗಿನ ತಾಮ್ರಕ್ಕೆ ಗುಜರಿಯಲ್ಲೂ ಬೆಲೆಯಿದೆ. ಜಿಎಸ್‌ಟಿ ಸೇರಿದೆಯೇ ಎಂದು ಕೇಳಲು ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ಎಸಿಗಳ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ತೆರಿಗೆ ಬಿಟ್ಟು 40,000 ಎಂದವರ ಬೆಲೆ ಕೊನೆಗೆ 47,200 ಆಗುತ್ತದೆ.

ಆರಿಸಿದ ಮೇಲೆ ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬೇಡಿ. ಯಂತ್ರ ಮನೆಗೆ ಬಂದಾಗ ಪೆಟ್ಟಿಗೆಯ ಮೇಲಿನ ಮಾಡೆಲ್ ಸಂಖ್ಯೆಯನ್ನು ಕೊಟೇಶನ್‌ನೊಂದಿಗೆ ತಾಳೆ ನೋಡಿ. ಅಳವಡಿಕೆಯೋ ರಿಪೇರಿಯೋ ಮುಗಿದ ಬಳಿಕ ಅರ್ಧ ಗಂಟೆ ಓಡಿಸಿ, ಡ್ರೈನ್ ನೀರು ಹೊರಗೇ ಹೋಗುತ್ತಿದೆಯೇ, ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆಯೇ ಎಂದು ಟೆಕ್ನೀಷಿಯನ್ ಎದುರಿಗೇ ನೋಡಿ, ಬಾಕಿ ಹಣ ಕೊಡಿ. ಜಿಎಸ್‌ಟಿ ಸಂಖ್ಯೆಯಿರುವ ಬಿಲ್‌ನಲ್ಲಿ ಬದಲಿಸಿದ ಭಾಗ ಮತ್ತು ಗ್ಯಾರಂಟಿಯ ಅವಧಿ ಇರಲಿ. ಮುಂದೆ ತಕರಾರು ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕಾದರೆ ಆ ಬಿಲ್ ಮತ್ತು ಬರೆದು ಕೊಟ್ಟ ಕೊಟೇಶನ್ ಎರಡೂ ನಿಮ್ಮ ಬಳಿ ಇರಬೇಕು.