ಲೈಟ್‌ರೂಮ್‌ಗೆ ಬಾಡಿಗೆ ಕಟ್ಟುವ ಮುನ್ನ

ಮದುವೆ ಫೋಟೊ ನನ್ನ ಕಸುಬು. ಬಹಳ ಕಾಲ ಎಡಿಟಿಂಗ್ ಎಲ್ಲ ಅಡೋಬಿ ಕಂಪನಿಯ ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ 6ರಲ್ಲೇ ನಡೆಯಿತು. 2015ರಲ್ಲಿ ಬಂದ ಅದು, ಒಮ್ಮೆ ದುಡ್ಡು ಕೊಟ್ಟು ಸ್ವಂತ ಮಾಡಿಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ. ಆಮೇಲಿನದೆಲ್ಲ ಬಾಡಿಗೆ ಲೆಕ್ಕ. 2017ರ ಕೊನೆಗೆ ಅದಕ್ಕೆ ಹೊಸ ಕ್ಯಾಮೆರಾಗಳನ್ನು ಸೇರಿಸುವುದೂ ನಿಂತಿತು. ಹೀಗಾಗಿ ನನ್ನ ಹೊಸ ಕ್ಯಾಮೆರಾದ ರಾ ಫೈಲುಗಳು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೈಲುಗಳು) ಅದರಲ್ಲಿ ತೆರೆಯುತ್ತಿರಲಿಲ್ಲ. ಇನ್ನು ಸಾಫ್ಟ್‌ವೇರ್ ಬದಲಿಸಲೇಬೇಕು ಎಂದು ಎಲ್ಲರೂ ಹೇಳುವುದು ಈ ಹಂತದಲ್ಲೇ. ಬೇಕಿಲ್ಲ. ಅಡೋಬಿಯೇ ಉಚಿತವಾಗಿ ಕೊಡುವ ಡಿಎನ್‌ಜಿ ಕನ್ವರ್ಟರ್‌ನಲ್ಲಿ ಡಿಎನ್‌ಜಿ ಎಂಬ ಬೇರೆ ರಾ ರೂಪಕ್ಕೆ ಪರಿವರ್ತಿಸಿಕೊಂಡರೆ ಅವು ಹಳೆಯ ಲೈಟ್‌ರೂಮಿನಲ್ಲೂ ತೆರೆಯುತ್ತವೆ. ರಾತ್ರಿ ಫೈಲುಗಳನ್ನು ಅದಕ್ಕೆ ಹಚ್ಚಿ ಮಲಗಿದರೆ ಬೆಳಿಗ್ಗೆ ಸಿದ್ಧ.

ಮನಸ್ಸು ಅಲುಗಾಡಿದ್ದು 2023ರಲ್ಲಿ, ಬಾಡಿಗೆಯ ಲೈಟ್‌ರೂಮಿಗೆ ಕೃತಕ ಬುದ್ಧಿಮತ್ತೆಯಿಂದ ನಾಯ್ಸ್ ಅಳಿಸುವ ಡಿನಾಯ್ಸ್ ಬಂದಾಗ. ನಮ್ಮ ಛತ್ರಗಳಲ್ಲಿ ಧಾರೆಯ ಹೊತ್ತಿಗೆ ಮಂಟಪದೊಳಗೆ ಬೆಳಕೇ ಇರುವುದಿಲ್ಲ, ಹೋಮದ ಹೊಗೆ ಬೇರೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ಕ್ಕೆ ಏರಿಸದೆ ಗತಿಯಿಲ್ಲ. ಆಮೇಲೆ ನೋಡಿದರೆ ಕಪ್ಪು ಕೋಟಿನ ಮೇಲೆಲ್ಲ ರವೆ ಚೆಲ್ಲಿದ ಹಾಗೆ ನಾಯ್ಸ್.

ಆಷಾಢದಲ್ಲಿ ಹೇಗೂ ಮದುವೆಗಳಿರುವುದಿಲ್ಲ. ಹೊಸ ಲೈಟ್‌ರೂಮಿನ ಪ್ರಾಯೋಗಿಕ ಆವೃತ್ತಿ ಹಾಕಿಕೊಂಡು, ಹಳೆಯ ಮದುವೆಗಳ ಅತಿ ಕೆಟ್ಟ ಫೈಲುಗಳನ್ನೇ ಹುಡುಕಿ ಕೊಟ್ಟೆ. ಚೆನ್ನಾಗಿರುವ ಫೋಟೊ ಯಾವ ಸಾಫ್ಟ್‌ವೇರ್‌ನಲ್ಲೂ ಚೆನ್ನಾಗಿಯೇ ಕಾಣುತ್ತದೆ. ಡಿನಾಯ್ಸ್ ಅನ್ನು 50ರಲ್ಲಿ ಇಟ್ಟಾಗ ಮುಖ ತಿಳಿಯಾಯಿತು, ಆದರೆ ರೇಷ್ಮೆ ಸೀರೆಯ ಅಂಚಿನ ಜರಿ ಎಳೆಗಳು ಒಂದಕ್ಕೊಂದು ಅಂಟಿಕೊಂಡವು. 30ಕ್ಕೆ ಇಳಿಸಿದಾಗ ಎಳೆ ಎಳೆಯಾಗಿ ಉಳಿದವು. ಪರದೆಯ ಮೇಲೆ ನೋಡಿದವರು ಬೆರಗಾಗುವಷ್ಟು ಚೆನ್ನಾಗಿತ್ತು.

ಆದರೆ ಗಿರಾಕಿಗೆ ನಾನು ಕೊಡುವುದು ಆಲ್ಬಂ. ಹಳೆಯ ವಿಧಾನದ್ದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು 12x36 ಇಂಚಿನ ಹಾಳೆಯೊಂದನ್ನು ಲ್ಯಾಬಿಗೆ ಕಳಿಸಿದೆ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 6x4 ಇಂಚಿನ ಫೋಟೊಗೆ ಬೇಕಾಗುವುದು 1800x1200 ಪಿಕ್ಸೆಲ್. ನನ್ನ 24 ಮೆಗಾಪಿಕ್ಸೆಲ್ ಫೈಲು ಅದರ ಹನ್ನೊಂದು ಪಟ್ಟು ದೊಡ್ಡದು. ಅಷ್ಟನ್ನು ಕುಗ್ಗಿಸುವಾಗ ನಾಯ್ಸ್ ತಾನಾಗಿಯೇ ಕರಗುತ್ತದೆ. ಅರ್ಧ ಹಾಳೆ ತುಂಬಿದ ಫೋಟೊದಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಅಂಥವು ಆಲ್ಬಮ್ಮಿನಲ್ಲಿ ಎಷ್ಟಿರುತ್ತವೆ? ಮೇಲಾಗಿ ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದೊಂದು ಫೋಟೊಗೂ ನಿಮಿಷಗಟ್ಟಲೆ ಕಾಯಬೇಕು. ಬಾಡಿಗೆಯ ಜೊತೆ ಹೊಸ ಕಾರ್ಡಿನ ಖರ್ಚನ್ನೂ ಸೇರಿಸಿದರೆ ಡಿನಾಯ್ಸ್‌ಗಾಗಿ ದುಡ್ಡು ಕೊಡುವುದು ದಂಡ ಅನ್ನಿಸಿತು.

ಕೊನೆಗೂ ದುಡ್ಡು ಕಟ್ಟಿದೆ, ಬೇರೆ ಕಾರಣಕ್ಕೆ. ಆರತಕ್ಷತೆಯ ವೇದಿಕೆಯಲ್ಲಿ ಹಿಂದೆ ಎಲ್‌ಇಡಿ ಗೋಡೆಯ ನೀಲಿ, ಮುಂದೆ ವಿಡಿಯೊದವರ ದೀಪದ ಹಳದಿ. ಗಂಡು ಹೆಣ್ಣಿನ ಮುಖವನ್ನಷ್ಟೇ ಸರಿಪಡಿಸಲು ಪ್ರತಿ ಫೋಟೊದಲ್ಲೂ ಬ್ರಷ್ ಹಿಡಿದು ಬಳಿಯಬೇಕಿತ್ತು. ಹೊಸದರಲ್ಲಿ ಒಂದು ಫೋಟೊದಲ್ಲಿ ಮಾಸ್ಕ್ ಮಾಡಿ (ತಿದ್ದಬೇಕಾದ ಭಾಗವನ್ನಷ್ಟೇ ಗುರುತಿಸಿ) ಉಳಿದವಕ್ಕೆ ಸಿಂಕ್ ಕೊಟ್ಟರೆ, ಅಂದರೆ ಅದೇ ತಿದ್ದುಪಡಿ ಹಚ್ಚಿದರೆ, ಅದು ಪ್ರತಿ ಫೋಟೊದಲ್ಲೂ ಜನರನ್ನು ಹೊಸದಾಗಿ ಗುರುತಿಸಿಕೊಳ್ಳುತ್ತದೆ. ಮುಡಿದ ಮಲ್ಲಿಗೆಯನ್ನು ಹಿಂದಿನ ಬಿಳಿ ಹೂವಿನ ಅಲಂಕಾರದೊಂದಿಗೆ ಕಲಸಿಬಿಡುವುದುಂಟು, ಅದನ್ನು ಕಣ್ಣಿಟ್ಟು ನೋಡಬೇಕು. ಆದರೂ ಎಡಿಟಿಂಗಿಗೆ ಬರುವ ಹುಡುಗನಿಗೆ ನಾನು ಕೊಡುವ ಗಂಟೆಯ ಕೂಲಿಯಲ್ಲಿ ಲೆಕ್ಕ ಹಾಕಿದಾಗ, ಒಂದೇ ಮದುವೆಯ ಉಳಿತಾಯ ತಿಂಗಳ ಬಾಡಿಗೆಯನ್ನು ಮೀರಿತು.

ಬಾಡಿಗೆ ನಿಲ್ಲಿಸಿದರೆ ಫೋಟೊ ತಿದ್ದುವ ಡೆವಲಪ್ ವಿಭಾಗಕ್ಕೆ ಬೀಗ ಬೀಳುತ್ತದೆ, ಫೋಟೊ ನೋಡಲು ಮತ್ತು ಎಕ್ಸ್‌ಪೋರ್ಟ್ ಮಾಡಲು ಅಡ್ಡಿಯಿಲ್ಲ. ಹೊಸದರಲ್ಲಿ ಮಾಡಿದ ಕ್ಯಾಟಲಾಗ್ (ಫೋಟೊಗಳ ಪಟ್ಟಿಯೂ ತಿದ್ದುಪಡಿಗಳೂ ಇರುವ ಫೈಲು) ಹಳೆಯದರಲ್ಲಿ ತೆರೆಯದು. ಅದಕ್ಕೇ ಮುಗಿದ ಮದುವೆಗಳನ್ನು ಹಳೆಯದರಲ್ಲೇ ಬಿಟ್ಟು, ಹೊಸ ಕೆಲಸವನ್ನು ಮಾತ್ರ ಹೊಸ ಕ್ಯಾಟಲಾಗಿಗೆ ಹಾಕುತ್ತಿದ್ದೇನೆ.

ಪಾಸ್‌ಪೋರ್ಟ್ ಫೋಟೊ, ಶಾಲೆಯ ಗ್ರೂಪ್ ಫೋಟೊಗಳ ಸ್ಟುಡಿಯೊ ಇಟ್ಟಿರುವ ಗೆಳೆಯನೊಬ್ಬ "ನಾನೂ ತಗೊಳ್ಳಲಾ ಅಣ್ಣಾ?" ಎಂದು ಕೇಳಿದ. ಬೇಡ ಅಂದೆ. ಅವನದು ಸದಾ ಒಂದೇ ಫ್ಲ್ಯಾಶ್, ಒಂದೇ ಪರದೆ. ಆ ದುಡ್ಡಿಗೆ ಇನ್ನೊಂದು ಹಾರ್ಡ್‌ಡಿಸ್ಕ್ ಕೊಳ್ಳಲು ಹೇಳಿದೆ, ಅವನ ಬಳಿ ಬ್ಯಾಕಪ್ಪೇ ಇರಲಿಲ್ಲ.