‘ಇಸಿಎಂ ಹೋಗಿದೆ’ ಅಂದಾಗ ಮೊದಲು ಮಲ್ಟಿಮೀಟರ್ ಹಿಡಿಯಿರಿ

ಹೋದ ಮಳೆಗಾಲದಲ್ಲಿ ಶಿರಸಿಯಿಂದ ಭಾವನ ಫೋನ್ ಬಂತು. ಕಾರು ಬೆಳಗ್ಗೆ ಸರಿಯಾಗೇ ಸ್ಟಾರ್ಟ್ ಆಗುತ್ತದೆ. ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲ ಹಾಕಿಕೊಂಡು ಘಟ್ಟ ಇಳಿಯಲು ಹೊರಟರೆ ಮಾತ್ರ ಎಂಜಿನ್ ಎಳೆದಾಡಿ ನಿಂತುಬಿಡುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದ್ದಾರೆ, ದೋಷ ತೋರಿಸುವ ಐದಾರು ಕೋಡ್ ಬಂದಿವೆ. “ಇಸಿಎಂ ಹೋಗಿದೆ, 38 ಸಾವಿರ ಆಗುತ್ತೆ” ಎಂದಿದ್ದಾರೆ. ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ. ಆರ್ಡರ್ ಹಾಕಲಾ ಎಂದು ಭಾವ ಕೇಳಿದರು. ಎರಡು ದಿನ ತಡೀರಿ ಭಾವ, ನಾನೇ ಬರ್ತೀನಿ ಎಂದೆ.

ಹೋಗಿ ನೋಡಿದರೆ ಬ್ಯಾಟರಿ ತಟ್ಟೆಯ ಕೆಳಗೆ, ಬ್ಯಾಟರಿಯ ಮೈನಸ್ ವೈರನ್ನು ಕಾರಿನ ಬಾಡಿಗೆ ಬಿಗಿದ ಅರ್ಥಿಂಗ್ ಬೋಲ್ಟ್ ಸುತ್ತ ಹಸಿರು-ಬಿಳಿ ಪುಡಿ. ಸುಣ್ಣ ಸವರಿದ ವೀಳ್ಯದೆಲೆ ಥರ. 10ನೇ ನಂಬರ್ ಸ್ಪ್ಯಾನರ್, ಒಂದು ತುಂಡು ಎಮರಿ ಪೇಪರ್, ಕಾಲು ಗಂಟೆ ಕೆಲಸ. ಆ ಕಾರು ಈಗಲೂ ಅದೇ ಹಳೇ ಇಸಿಎಂ ಮೇಲೆ ಓಡುತ್ತಿದೆ.

ಇಂಥದ್ದು ಇದೊಂದೇ ಆಗಿದ್ದರೆ ಬರೆಯುತ್ತಿರಲಿಲ್ಲ. ಡಬ್ಬಿ ಎಲ್ಲಿದೆ ಎಂದು ಹುಡುಕಲು ಬಾರದೆ, ಹುಡುಕಿದರೂ ಅದಕ್ಕೆ ಕರೆಂಟ್ ಸರಿಯಾಗಿ ಬರುತ್ತಿದೆಯಾ ಎಂದು ನೋಡದೆ ಜನ ದುಡ್ಡು ಸುರಿಯುವುದನ್ನು ನೋಡಿ ಸಾಕಾಗಿದೆ.

1. ಯಾವ ಡಬ್ಬಿ ಯಾರದ್ದು ಗೊತ್ತಿರಲಿ

ಇಸಿಎಂನ ಪೂರ್ತಿ ಹೆಸರು ಎಂಜಿನ್ ಕಂಟ್ರೋಲ್ ಮಾಡ್ಯೂಲ್. ಇಸಿಯು ಎಂದೂ ಕರೆಯುತ್ತಾರೆ. ಕಾರ್ಬುರೇಟರ್ ಕಾಲದಲ್ಲಿ ಸ್ಕ್ರೂ ತಿರುಗಿಸಿ ಪೆಟ್ರೋಲಿನ ಹದ ಮಾಡುತ್ತಿದ್ದೆವಲ್ಲ, ಆ ಕೆಲಸ ಈಗ ಇದರದ್ದು. ಕ್ರ್ಯಾಂಕ್ ಎಲ್ಲಿ ತಿರುಗುತ್ತಿದೆ, ಗಾಳಿ ಎಷ್ಟು ಬರುತ್ತಿದೆ, ಕೂಲಂಟ್ ಎಷ್ಟು ಬಿಸಿಯಾಗಿದೆ, ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಎಂದು ಸೆನ್ಸರ್‌ಗಳನ್ನು ಕೇಳುತ್ತದೆ. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು, ಸ್ಪಾರ್ಕ್ ಯಾವಾಗ ಹೊಡೆಯಬೇಕು ಎಂದು ಹೇಳುತ್ತದೆ. 2020ರ ಏಪ್ರಿಲ್ 1ಕ್ಕೆ ಹೊಗೆಯ ನಿಯಮ ಬಿಎಸ್6 ಜಾರಿಯಾದ ಮೇಲೆ ಹೆಚ್ಚುಕಮ್ಮಿ ಎಲ್ಲ ಸ್ಕೂಟರ್, ಬೈಕ್‌ಗಳಲ್ಲೂ ಇಂಥದ್ದೊಂದು ಬಂದು ಕೂತಿದೆ.

ಕಾರಿನಲ್ಲಿ ಇದೊಂದೇ ಇರುವುದಿಲ್ಲ. ಬ್ರೇಕಿಗೆ ಎಬಿಎಸ್ ಮಾಡ್ಯೂಲ್, ಏರ್‌ಬ್ಯಾಗಿಗೆ ಒಂದು, ಪವರ್ ಸ್ಟೀರಿಂಗಿಗೆ ಒಂದು. ವೈಪರ್, ಲಾಕ್, ಇಂಡಿಕೇಟರ್ ನೋಡಿಕೊಳ್ಳಲು ಬಿಸಿಎಂ, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಇವೆಲ್ಲ ಒಂದರ ಜೊತೆ ಒಂದು ಮಾತಾಡುವುದು ಹೆಣೆದುಕೊಂಡ ಎರಡು ವೈರ್ ಮೇಲೆ. ಅದಕ್ಕೆ ಕ್ಯಾನ್ ಲೈನ್ ಎನ್ನುತ್ತಾರೆ. 1986ರಲ್ಲಿ ಬಾಷ್ ಕಂಪನಿ ಹೊರತಂದ ಏರ್ಪಾಡು ಅದು. ಎರಡು ವೈರ್‌ನಲ್ಲಿ ಒಂದು ತುಂಡಾದರೂ ಸಂಬಂಧವೇ ಇಲ್ಲದ ನಾಲ್ಕು ದೀಪ ಒಟ್ಟಿಗೆ ಉರಿಯುವುದು ಇದಕ್ಕೇ.

2. ಹುಡುಕುವುದು

ಯೂಟ್ಯೂಬ್‌ನಲ್ಲಿ ನಿಮ್ಮದೇ ಕಾರಿನ ವಿಡಿಯೊ ಇದ್ದರೂ ಪೂರ್ತಿ ನಂಬಬೇಡಿ. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್‌ಗೆ ಒಂದು ಕಡೆ, ಡೀಸೆಲ್‌ಗೆ ಇನ್ನೊಂದು ಕಡೆ ಇರಬಹುದು. ವೈರ್ ಹಿಡಿದು ಹೋಗಿ, ಅದು ಸುಳ್ಳು ಹೇಳುವುದಿಲ್ಲ. ಬಾನೆಟ್ ಎತ್ತಿ, ಇಂಜೆಕ್ಟರ್‌ಗಳಿಂದ ಹೊರಡುವ ದಪ್ಪ ವೈರಿಂಗ್ ಹಿಂದೆಯೇ ಕಣ್ಣು ಓಡಿಸಿ. ಅದು ಬ್ಯಾಟರಿ ಅಥವಾ ಏರ್ ಫಿಲ್ಟರ್ ಪಕ್ಕದ ಅಲ್ಯೂಮಿನಿಯಂ ಡಬ್ಬಿಗೆ ಹೋಗಿ ನಿಂತರೆ ಅದೇ ಇಸಿಎಂ. ಚಪ್ಪಟೆ, ಅಂಗೈಗಿಂತ ಸ್ವಲ್ಪ ದೊಡ್ಡದು, ಬಿಸಿ ಹೋಗಲಿ ಎಂದು ಮೇಲೆ ಗೆರೆಗೆರೆ. ವೈರ್‌ಗಳನ್ನು ಸಿಕ್ಕಿಸುವ ಒಂದೋ ಎರಡೋ ದೊಡ್ಡ ಕಪ್ಲರ್, ಅವನ್ನು ಬಿಗಿಯಲು ಒಂದು ಹಿಡಿಕೆ. ಹಾಗಲ್ಲದೆ ವೈರಿಂಗ್ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ (ಫೈರ್‌ವಾಲ್) ತೂತಿನಿಂದ ಒಳಗೆ ನುಸುಳಿದರೆ, ಗ್ಲೋವ್ ಬಾಕ್ಸ್ ಬಿಚ್ಚಿ ಅದರ ಹಿಂದೆ ನೋಡಿ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಅಲ್ಲೇ.

ಉಳಿದವು ಸುಲಭ. ಒಂದು ಅಲ್ಯೂಮಿನಿಯಂ ಗಟ್ಟಿಗೆ ಆರು ಸಣ್ಣ ಬ್ರೇಕ್ ಪೈಪ್ ಸೇರಿದ್ದರೆ ಅದಕ್ಕೆ ಅಂಟಿಕೊಂಡಿರುವುದು ಎಬಿಎಸ್. ಬಿಸಿಎಂ ಡ್ರೈವರ್ ಮೊಣಕಾಲಿನ ಹತ್ತಿರ, ಫ್ಯೂಸ್ ಬಾಕ್ಸ್ ಆಸುಪಾಸು. ಬೈಕಿನಲ್ಲಿ ಸೀಟಿನ ಕೆಳಗೆ ಅಥವಾ ಪಕ್ಕದ ಪ್ಯಾನೆಲ್ ಹಿಂದೆ. ಹಾಗಾಗಿಯೇ ವಾಟರ್ ಸರ್ವಿಸ್ ಹುಡುಗರು ಸೀಟ್ ಎತ್ತಿ ಪ್ರೆಶರ್ ಪೈಪ್ ಹಿಡಿದರೆ ನನಗೆ ಎದೆ ಝಲ್ ಎನ್ನುತ್ತದೆ.

ಏರ್‌ಬ್ಯಾಗ್ ಮಾಡ್ಯೂಲ್ ಗೇರ್ ಲಿವರ್ ಹತ್ತಿರ, ನೆಲಕ್ಕೆ ಗಟ್ಟಿಯಾಗಿ ಬಿಗಿದಿರುತ್ತದೆ. ಡಿಕ್ಕಿಯ ಹೊಡೆತ ಅಳೆಯಬೇಕಲ್ಲ, ಅದಕ್ಕೆ ಗಾಡಿಯ ನಡುಮಧ್ಯದಲ್ಲಿ. ಅದರ ಹಳದಿ ಕಪ್ಲರ್ ಕಂಡರೆ ಕೈ ಹಿಂದೆ ತೆಗೆಯಿರಿ. ಮೀಟರನ್ನಂತೂ ಇಡಲೇಬೇಡಿ, ಅದರ ಸಣ್ಣ ಕರೆಂಟಿಗೂ ಬ್ಯಾಗ್ ಸಿಡಿಯುವ ಅಪಾಯವಿದೆ. ಅದು ತರಬೇತಿ ಇರುವವರ ಕೆಲಸ.

3. ಕೀ ತಿರುಗಿಸಿ, ದೀಪ ನೋಡಿ

ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳಬೇಕು. ಹೊತ್ತದೇ ಇದ್ದರೆ ಇಸಿಎಂಗೆ ಕರೆಂಟೇ ತಲುಪುತ್ತಿಲ್ಲದಿರಬಹುದು. ಫ್ಯೂಸ್ ಮತ್ತು ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ಮೇನ್ ರಿಲೇ ನೋಡಿ. ಕೀ ಚಿತ್ರದ ದೀಪ ಪಟಪಟ ಮಿನುಗಿದರೆ ತಕರಾರು ಇಮ್ಮೊಬಿಲೈಸರ್‌ದು, ಅಂದರೆ ಗುರುತಿಲ್ಲದ ಕೀಗೆ ಎಂಜಿನ್ ಓಡದಂತೆ ತಡೆಯುವ ಏರ್ಪಾಡಿನದು. ಮನೆಯಲ್ಲಿರುವ ಎರಡನೇ ಕೀ ತಂದು ನೋಡಿ.

4. ಸ್ಕ್ಯಾನ್

ಸ್ಟೀರಿಂಗ್ ಕೆಳಗೆ 16 ಪಿನ್‌ನ ಸಾಕೆಟ್ ಇದೆ. ಹಲವು ಬೈಕ್‌ಗಳಲ್ಲಿ ಇದು 6 ಪಿನ್‌ನದು, ಬೇರೆ ಕೇಬಲ್ ಬೇಕು. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ನೀಲಿ ಬ್ಲೂಟೂತ್ ಅಡಾಪ್ಟರ್ ತಗೊಳ್ಳಬೇಡಿ. ನಾನು ಎರಡು ಕೊಂಡು ಎರಡನ್ನೂ ಎಸೆದಿದ್ದೇನೆ. ಒಂದು ಅರ್ಧ ಮಾತ್ರ ಓದುತ್ತಿತ್ತು, ಇನ್ನೊಂದು ನಡುವೆಯೇ ಸಂಪರ್ಕ ಬಿಡುತ್ತಿತ್ತು. ಅದನ್ನು ನೋಡಿ “ಇಸಿಎಂ ಮಾತಾಡ್ತಿಲ್ಲ” ಎಂದು ತೀರ್ಮಾನ ಮಾಡಿದವರೂ ಇದ್ದಾರೆ. ಸ್ವಲ್ಪ ಜಾಸ್ತಿ ಕೊಟ್ಟು ಒಳ್ಳೆಯದು ತಗೊಳ್ಳಿ, ಇಲ್ಲ ಗೊತ್ತಿರುವವರಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಕೋಡ್‌ನ ಮೊದಲ ಅಕ್ಷರ ನೋಡಿ. ಪಿ ಅಂದರೆ ಎಂಜಿನ್-ಗೇರ್ ಬಾಕ್ಸ್, ಸಿ ಅಂದರೆ ಬ್ರೇಕ್-ಸ್ಟೀರಿಂಗ್ ಕಡೆಯದು, ಬಿ ಬಾಡಿ, ಯು ಮಾಡ್ಯೂಲ್‌ಗಳ ನಡುವಿನ ಮಾತುಕತೆ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಸೆನ್ಸರ್ರೇ ಹೋಗಿದೆ ಅಂತಲ್ಲ, ಅದರ ವೈರನ್ನು ಇಲಿ ಕಡಿದಿದ್ದರೂ ಇದೇ ಬರುತ್ತದೆ. ಯು0100 ಬಂದರೆ ಬೇರೆ ಮಾಡ್ಯೂಲ್‌ಗಳಿಗೆ ಇಸಿಎಂ ಜೊತೆ ಸಂಪರ್ಕ ತಪ್ಪಿದೆ. ಪಿ0562 ಬಂದರೆ ವೋಲ್ಟೇಜ್ ಕಮ್ಮಿ. ಭಾವನ ಕಾರಿನ ಐದಾರು ಕೋಡ್‌ನಲ್ಲಿ ಇದೂ ಇತ್ತು, ಯಾರೂ ಅದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಕೋಡ್‌ಗಳನ್ನು ಅಳಿಸುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ.

5. ಕರೆಂಟ್ ಮತ್ತು ಅರ್ಥಿಂಗ್: ಎಲ್ಲರೂ ಎಡವುವ ಜಾಗ

ಇಲ್ಲಿಗೆ ಬಂದಾಗ ಹೆಚ್ಚಿನವರು ಮಾಡುವುದು ಒಂದೇ. ಕಪ್ಲರ್ ಕಿತ್ತು, ಮೀಟರನ್ನು ಬೀಪ್‌ಗೆ (ವೈರ್ ಕೂಡಿದ್ದರೆ ಸದ್ದು ಮಾಡುವ ಕಡೆಗೆ) ಇಟ್ಟು, ಒಂದು ಕಡ್ಡಿ ಅರ್ಥಿಂಗ್ ಪಿನ್ನಿಗೆ, ಇನ್ನೊಂದು ಬಾಡಿಗೆ. “ಬೀಪ್ ಬಂತು, ಅರ್ಥಿಂಗ್ ಸರಿ ಇದೆ, ಹಾಗಾದ್ರೆ ಇಸಿಎಂ ಹೋಗಿದೆ.” ಇದು ಶುದ್ಧ ತಪ್ಪು. ವೈರಿನ ಇಪ್ಪತ್ತು ಎಳೆಯಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಬೀಪ್ ಬರುತ್ತದೆ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿದ್ದಾಗ ಪೈಪಿನಲ್ಲಿ ಪ್ರೆಶರ್ ಚೆನ್ನಾಗೇ ಇರುತ್ತದೆ. ಕಸ ಕಟ್ಟಿಕೊಂಡಿದೆ ಎಂದು ಗೊತ್ತಾಗುವುದು ನಲ್ಲಿ ತಿರುಗಿಸಿದ ಮೇಲೆ. ವೈರ್ ಕೂಡ ಹಾಗೆಯೇ, ಅದರಲ್ಲಿ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಮೊದಲು ಬ್ಯಾಟರಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸರಿ ಮಾಡಿಕೊಂಡು ಬನ್ನಿ, ಉಳಿದ ಪರೀಕ್ಷೆ ಆಮೇಲೆ.

ಈಗ ಪಿನ್ ಚಿತ್ರ ಬೇಕು. ಇಸಿಎಂ ಮೇಲಿನ ಲೇಬಲ್‌ನ ಪಾರ್ಟ್ ನಂಬರ್ ಹಿಡಿದು ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಕಪ್ಪು ವೈರ್ ಎಲ್ಲ ಅರ್ಥಿಂಗ್ ಎಂದು ಊಹೆ ಮೇಲೆ ಹೋಗಬೇಡಿ. ನಿಮಗೆ ಬೇಕಾದ್ದು ಮೂರು ಗುಂಪು: ಅರ್ಥಿಂಗ್ ಪಿನ್‌ಗಳು, ಕೀ ಆಫ್ ಇದ್ದರೂ ಕರೆಂಟ್ ಇರುವ ಬ್ಯಾಟರಿ ಪಿನ್, ಕೀ ಆನ್ ಮಾಡಿದಾಗ ಮಾತ್ರ ಬರುವ ಪಿನ್‌ಗಳು.

ಕಪ್ಲರ್ ಇಸಿಎಂಗೆ ಸಿಕ್ಕಿಸಿಯೇ ಇರಲಿ. ಅದರ ಹಿಂಭಾಗದಿಂದ, ವೈರ್ ಒಳಗೆ ಹೋಗುವ ರಬ್ಬರ್ ಪಕ್ಕದಲ್ಲಿ, ತೆಳ್ಳನೆಯ ಗುಂಡುಸೂಜಿ ತೂರಿಸಿ. ಒಳಗಿನ ಲೋಹಕ್ಕೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಮುಂದಿನಿಂದ ಮೀಟರ್ ಕಡ್ಡಿ ತುರುಕಬೇಡಿ. ಪಿನ್ನಿನ ಬಾಯಿ ಅಗಲವಾಗಿ, ಇವತ್ತು ಇಲ್ಲದ ಲೂಸ್ ಕನೆಕ್ಷನ್ ನಾಳೆ ನೀವೇ ಹುಟ್ಟಿಸಿದಂತಾಗುತ್ತದೆ. ವೈರಿನ ಮೈಗೆ ಸೂಜಿ ಚುಚ್ಚುವ ಟೆಸ್ಟ್ ಲ್ಯಾಂಪ್ ಅಂತೂ ಬೇಡವೇ ಬೇಡ. ಆ ತೂತಿನಿಂದ ನೀರು ಹೊಕ್ಕು ತಾಮ್ರ ಒಳಗೊಳಗೇ ಹಸಿರಾಗುತ್ತದೆ.

ಮೀಟರ್ 20 ವೋಲ್ಟ್ ಡಿಸಿ ಮೇಲಿರಲಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಸೀಸದ ಗೂಟಕ್ಕೇ ಒತ್ತಿ. ಕ್ಲ್ಯಾಂಪಿಗಲ್ಲ, ಗೂಟಕ್ಕೆ. ಕೆಂಪು ಕಡ್ಡಿ ಇಸಿಎಂ ಅರ್ಥಿಂಗ್ ಪಿನ್ನಿನ ಸೂಜಿಗೆ. ಎಂಜಿನ್ ಓಡುತ್ತಿರಲಿ. ಹೆಡ್‌ಲೈಟ್, ಫ್ಯಾನ್, ಹಿಂದಿನ ಗಾಜಿನ ಹೀಟರ್ ಇದ್ದರೆ ಅದು, ಎಲ್ಲ ಹಾಕಿ. ಸ್ಟಾರ್ಟೇ ಆಗದ ಗಾಡಿಯಾದರೆ ಕೀ ಆನ್ ಮಾಡಿ, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಮೀಟರ್ 0.1 ವೋಲ್ಟ್‌ಗಿಂತ ಕಮ್ಮಿ ತೋರಿಸಿದರೆ ಚೆನ್ನಾಗಿದೆ. 0.3 ದಾಟಿದರೆ ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ. ಭಾವನ ಕಾರಿನಲ್ಲಿ ಬರೀ ಕೀ ಆನ್ ಇದ್ದಾಗ 0.15 ಇತ್ತು, ಪರವಾಗಿಲ್ಲ ಅನ್ನಿಸುವಷ್ಟು. ಹೆಡ್‌ಲೈಟ್ ಮತ್ತು ಫ್ಯಾನ್ ಹಾಕಿದ ತಕ್ಷಣ 0.9ಕ್ಕೆ ಜಿಗಿಯಿತು. ಬೋಲ್ಟ್ ತಿಕ್ಕಿ ಬಿಗಿದ ಮೇಲೆ 0.03.

ಅರ್ಥಿಂಗ್ ಪಿನ್ ಒಂದಕ್ಕಿಂತ ಜಾಸ್ತಿ ಇರುತ್ತದೆ, ಒಂದೊಂದನ್ನೂ ನೋಡಿ. ಪ್ಲಸ್ ಕಡೆಗೂ ಇದೇ ಆಟ: ಕೆಂಪು ಕಡ್ಡಿ ಬ್ಯಾಟರಿ ಪಾಸಿಟಿವ್ ಗೂಟಕ್ಕೆ, ಕಪ್ಪು ಕಡ್ಡಿ ಇಸಿಎಂನ ಪ್ಲಸ್ ಪಿನ್ನಿಗೆ. 0.2 ಒಳಗಿದ್ದರೆ ಸಾಕು. ಜಾಸ್ತಿ ಇದ್ದರೆ ಫ್ಯೂಸಿನ ಕಾಲು, ರಿಲೇ ಒಳಗಿನ ಸುಟ್ಟ ಪಾಯಿಂಟ್, ಇಗ್ನಿಷನ್ ಸ್ವಿಚ್, ಇದೇ ಕ್ರಮದಲ್ಲಿ ಹುಡುಕಿ.

ಅರ್ಥಿಂಗ್ ಬೋಲ್ಟ್ ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ರಿಂಗಿನ ಎರಡೂ ಮುಖ ಮತ್ತು ಬಾಡಿಯ ಜಾಗವನ್ನು ಹೊಳೆಯುವ ಲೋಹ ಕಾಣುವ ತನಕ ಉಜ್ಜಿ. ಬಿಗಿದ ಮೇಲೆ ಹೊರಗಿನಿಂದ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ಕಪ್ಲರ್ ಒಳಗೆ ಹಸಿರು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಎಂದೇ ಬರೆದಿರುವ ಸ್ಪ್ರೇ ಹಾಕಿ. ಕಿರುಗುಟ್ಟುವ ಬಾಗಿಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಹಾಕಬೇಡಿ, ಅದರ ಜಿಡ್ಡಿಗೆ ಧೂಳು ಕೂರುತ್ತದೆ.

6. ಐದು ವೋಲ್ಟ್ ಎಲ್ಲಿ ಹೋಯಿತು?

ಕರೆಂಟ್, ಅರ್ಥಿಂಗ್ ಎರಡೂ ಸರಿ, ಆದರೂ ಇಸಿಎಂ ಸತ್ತಂತಿದೆ. ಇನ್ನೂ ಒಂದು ಬಾಕಿ ಇದೆ. ಇಸಿಎಂ ಹಲವು ಸೆನ್ಸರ್‌ಗಳಿಗೆ 5 ವೋಲ್ಟ್ ಹಂಚುತ್ತದೆ. ಅದರಲ್ಲಿ ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಎಲ್ಲರ 5 ವೋಲ್ಟನ್ನೂ ನೆಲಕ್ಕೆ ಎಳೆಯುತ್ತದೆ. ಥ್ರಾಟಲ್ ಅಥವಾ ಮ್ಯಾಪ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ) ಸೆನ್ಸರ್ ಹತ್ತಿರ 5 ವೋಲ್ಟ್ ಅಳೆಯಿರಿ. ಬರುತ್ತಿಲ್ಲವಾ? ಮೀಟರ್ ಅಲ್ಲೇ ಇರಲಿ, ಸೆನ್ಸರ್ ಕಪ್ಲರ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ 5 ವೋಲ್ಟ್ ಮರಳಿ ಬಂತೋ ಅದೇ ಕಳ್ಳ.

ಸ್ಕ್ಯಾನರ್‌ಗೆ ಇಸಿಎಂ ಉತ್ತರವನ್ನೇ ಕೊಡುತ್ತಿಲ್ಲ ಎಂದರೆ ಬ್ಯಾಟರಿ ನೆಗೆಟಿವ್ ತೆಗೆದು, ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಸಾಮಾನ್ಯವಾಗಿ 60 ಬರಬೇಕು. 120 ಬಂದರೆ ಕ್ಯಾನ್ ಲೈನಿನ ಒಂದು ತುದಿ ಕಡಿದಿದೆ, ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಸಾಕೆಟ್ ಮತ್ತು ಉಳಿದ ಮಾಡ್ಯೂಲ್‌ಗಳ ನಡುವೆ ಮಾತು ದಾಟಿಸುವ ಗೇಟ್‌ವೇ ಡಬ್ಬಿ ಇರುವ ಹೊಸ ಕಾರುಗಳಲ್ಲಿ ಈ ಲೆಕ್ಕ ಗೇಟ್‌ವೇ ತನಕ ಮಾತ್ರ.

7. ನಿಜವಾಗಲೂ ಹೋಗಿದ್ದರೆ

ಹೋಗುವುದೇ ಇಲ್ಲ ಎಂದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಆದ ಹಾಗೆ ನೀರಲ್ಲಿ ಮುಳುಗಿ ನಿಂತ ಕಾರುಗಳು, ಬ್ಯಾಟರಿ ತೆಗೆಯದೆ ಕಾರಿನ ಬಾಡಿಗೆ ವೆಲ್ಡಿಂಗ್ ಹೊಡೆಸಿದವು, ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್-ಮೈನಸ್ ಅದಲುಬದಲಾದವು, ಇವುಗಳಲ್ಲಿ ನಿಜಕ್ಕೂ ಸಾಯುತ್ತದೆ. ಮುಳುಗಿದ ಕಾರನ್ನು ಒಣಗಿತಾ ನೋಡೋಣ ಎಂದು ಸುಮ್ನೆ ಕೀ ತಿರುಗಿಸಬೇಡಿ. ನೀರು ಮಾಡದ ಹಾನಿಯನ್ನು ಆ ಒಂದು ತಿರುವು ಮಾಡುತ್ತದೆ.

ಗುಜರಿಯಿಂದ ತಂದ ಇಸಿಎಂ ಹಾಗೇ ಹಾಕಿದರೆ ಸಾಮಾನ್ಯವಾಗಿ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಅದರ ಇಮ್ಮೊಬಿಲೈಸರ್ ನಿಮ್ಮ ಕೀ ಗುರುತಿಸುವುದಿಲ್ಲ. ಪಾರ್ಟ್ ನಂಬರ್ ಕೊನೆಯ ಅಂಕಿಯವರೆಗೂ ಒಂದೇ ಇರಬೇಕು. ಜೊತೆಗೆ ಹಳೆಯ ಇಸಿಎಂನ ಡೇಟಾ ಹೊಸದಕ್ಕೆ ಕಾಪಿ ಮಾಡಿಸಬೇಕು, ಅಥವಾ ಕೀಗಳನ್ನು ಹೊಸದಾಗಿ ಹೊಂದಿಸಬೇಕು. ಅದಕ್ಕೇ ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟುಬರಬೇಡಿ, ಕೇಳಿ ಈಸ್ಕೊಳ್ಳಿ. ಬೋರ್ಡ್ ರಿಪೇರಿ ಮಾಡುವವರು ಇದ್ದಾರೆ, ಆದರೆ ಡಬ್ಬಿಯ ಸೀಲ್ ಮತ್ತೆ ನೀರು ಹೋಗದಂತೆ ಮುಚ್ಚುತ್ತಾರಾ ಎಂದು ಮೊದಲೇ ಕೇಳಿ.

ಹಾಕುವಾಗ ಕಪ್ಲರ್‌ನ ಹಿಡಿಕೆ ಟಕ್ ಎಂದು ಕೂತಿತಾ ನೋಡಿ. ಬ್ಯಾಟರಿ ನೆಗೆಟಿವ್ ಕೊನೆಗೆ ಕೊಡಿ. ಎಸಿ ಹಾಕದೆ, ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ಬಿಸಿಯಾಗಿ ಫ್ಯಾನ್ ಒಂದು ಸಲ ತಿರುಗಿ ನಿಲ್ಲುವ ತನಕ ಹಾಗೇ ಬಿಡಿ. ಮೊದಲ ದಿನ ಐಡಲ್ (ಆಕ್ಸಿಲರೇಟರ್ ಒತ್ತದಾಗಿನ ಎಂಜಿನ್ ವೇಗ) ಸ್ವಲ್ಪ ಮೇಲೆ ಕೆಳಗೆ ಆಗಬಹುದು, ಹೆದರಬೇಡಿ.