‘ಉರ್ದಿರ್’: ಹಾಸು ಹೂಡುವ ಸ್ಪ್ಯಾನಿಷ್ ಪದವನ್ನು ಬಳಸುವ ಬಗೆ

ಸ್ಪ್ಯಾನಿಷ್ ಕಲಿಯುವವರು ‘ಉರ್ದಿರ್’ ಎಂಬುದಕ್ಕೆ ‘ನೇಯು’ ಎಂದು ಅರ್ಥ ಬರೆದುಕೊಂಡರೆ ಅಲ್ಲೇ ಎಡವಿದಂತೆ. ನೇಯುವುದಕ್ಕೂ ಕಡ್ಡಿಯಲ್ಲಿ ಹೆಣೆಯುವುದಕ್ಕೂ ‘ತೆಹೇರ್’ ಎಂಬ ಬೇರೆ ಪದವಿದೆ. ಉರ್ದಿರ್ ಅದಕ್ಕೂ ಮುಂಚಿನ ಕೆಲಸ: ಉದ್ದದ ಎಳೆಗಳನ್ನು ಒಂದೇ ಅಳತೆಗೆ, ಒಂದೇ ಬಿಗಿಯಲ್ಲಿ, ಕ್ರಮ ತಪ್ಪದಂತೆ ಜೋಡಿಸಿ ಮಗ್ಗಕ್ಕೆ ಅಣಿಮಾಡುವುದು. ಹಾಗೆ ಅಣಿಯಾದ ಹಾಸು ‘ಲಾ ಉರ್ದಿಂಬ್ರೆ’. ಇದು ಸ್ತ್ರೀಲಿಂಗ, ‘ಎಲ್’ ಹಚ್ಚಬೇಡಿ. ಅಡ್ಡ ಹಾಯುವ ಹೊಕ್ಕು ‘ಲಾ ತ್ರಾಮಾ’. ಎರಡರಲ್ಲೂ ದಕಾರ, ತಕಾರಗಳು ಹಲ್ಲಿಗೆ ನಾಲಿಗೆ ತಾಗುವಂಥವು, ‘ಉರ್ಡಿರ್’ ಎನ್ನಬೇಡಿ. ಒತ್ತು ‘ದಿ’ ಮೇಲೆ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಕ್ರಿಯಾಪದ ‘ಹೂಡು’ ಎಂಬುದೇ ನನ್ನ ಎಣಿಕೆ. ಲ್ಯಾಟಿನ್ ಮೂಲದ ‘ಓರ್ದೀರಿ’ಗೆ ನೇಯ್ಗೆ ಶುರುಮಾಡು, ಯಾವುದನ್ನಾದರೂ ಆರಂಭಿಸು ಎಂಬ ಎರಡೂ ಅರ್ಥಗಳಿದ್ದವು. ನಾವೂ ಒಲೆ ಹೂಡುತ್ತೇವೆ, ಸಂಸಾರ ಹೂಡುತ್ತೇವೆ, ಸಂಚನ್ನೂ ಹೂಡುತ್ತೇವೆ.

ಕೆಲಸವನ್ನೇ ನೋಡಿದರೆ ಪದ ಮನಸ್ಸಿನಲ್ಲಿ ನಿಲ್ಲುತ್ತದೆ. ಹಾಸು ಸುತ್ತುವ ಗೂಟಗಳ ಚೌಕಟ್ಟಿಗೂ, ಸುತ್ತುವ ಮನುಷ್ಯನಿಗೂ ‘ಉರ್ದಿದೋರ್’ ಎಂದೇ ಹೆಸರು. 30 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದದ ಶಾಲು ಬೇಕೆನ್ನಿ. ಕುಗ್ಗುವಿಕೆಗೆಂದು ಅಗಲವನ್ನು 33ಕ್ಕೆ ಏರಿಸಿ, ಸೆಂ.ಮೀ.ಗೆ 6 ಎಳೆಯಂತೆ 198, ಅಂಚಿಗೆ ಎರಡು ಸೇರಿ 200 ಎಳೆ. ಉದ್ದಕ್ಕೆ ಕುಗ್ಗುವಿಕೆಯ 30, ಮಗ್ಗಕ್ಕೆ ಕಟ್ಟಿ ಕೊನೆಗೆ ಕತ್ತರಿಸಿ ಬಿಸಾಡುವ 60 ಸೇರಿಸಿದರೆ ಪ್ರತಿ ಎಳೆ 240 ಸೆಂ.ಮೀ. ಹಾಸಿಗೇ 480 ಮೀಟರ್ ನೂಲು ಬೇಕು. ‘ಉರ್ದಿರ್ ದೋಸ್‌ಸಿಯೆಂತೋಸ್ ಈಲೋಸ್’ ಎಂದರೆ ಈ 200 ಎಳೆಗಳನ್ನು ಹೂಡುವುದು.

ಮೊದಲು 240 ಸೆಂ.ಮೀ.ಯ ಬೇರೆ ಬಣ್ಣದ ದಾರವನ್ನು ಗೂಟಗಳ ಮೇಲೆ ಹಾಯಿಸಿ ದಾರಿ ಗೊತ್ತುಮಾಡಿಕೊಳ್ಳಿ. ಆಮೇಲೆ ನೂಲನ್ನು ಅದೇ ದಾರಿಯಲ್ಲಿ ಹೋಗಿಬರುವಂತೆ ಸುತ್ತಿ. ಒಂದು ತುದಿಯ ಎರಡು ಗೂಟಗಳ ನಡುವೆ ಮಾತ್ರ ನೂಲು 8ರ ಆಕಾರದಲ್ಲಿ ಹಾಯಬೇಕು: ಹೋಗುವಾಗ ಮೊದಲ ಗೂಟದ ಮೇಲೆ, ಎರಡನೆಯದರ ಕೆಳಗೆ, ಬರುವಾಗ ತಿರುಗುಮುರುಗು. ಎಳೆಗಳು ಕತ್ತರಿಯಂತೆ ಒಂದರ ಮೇಲೊಂದು ಹಾಯುವ ಈ ಜಾಗವೇ ‘ಲಾ ಕ್ರೂಸ್’, ಶಿಲುಬೆ. ಯಾವ ಎಳೆಯ ಪಕ್ಕ ಯಾವುದು ಎಂಬ ಲೆಕ್ಕವನ್ನೆಲ್ಲ ಹಿಡಿದಿಡುವುದು ಇದೊಂದೇ. ಇದರ ನಾಲ್ಕೂ ಕಡೆ ದಾರ ಕಟ್ಟದೆ ಹಾಸನ್ನು ಗೂಟದಿಂದ ಇಳಿಸಿದಿರೋ, 200 ಎಳೆಗಳೂ ಸಿಕ್ಕುಸಿಕ್ಕಾಗಿ ಕೈಗೆ ಬರುತ್ತವೆ. ಮತ್ತೆ ಬಿಡಿಸಿ ಸಾಲು ಹಿಡಿಸಲು ಆಗದು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದು ನೇಯುವಾಗ. ನೂಲನ್ನು ಜಗ್ಗಿ ಸುತ್ತಿದರೆ ಗೂಟಗಳು ಒಳಕ್ಕೆ ಬಾಗಿ, ಕೊನೆಕೊನೆಯ ಎಳೆಗಳು ಗಿಡ್ಡವಾಗುತ್ತವೆ. ಬಟ್ಟೆಯ ಒಂದು ಅಂಚು ಬಿಗಿದು ಇನ್ನೊಂದು ಜೋಲುತ್ತದೆ. ನೂಲು ಮುಗಿದರೆ ಗಂಟನ್ನು ತುದಿಯ ಗೂಟದಲ್ಲೇ ಹಾಕಿ. ನಡುವೆ ಬಿದ್ದ ಗಂಟು ಮಗ್ಗದ ಹಣಿಗೆಯಲ್ಲಿ, ಅಂದರೆ ಎಳೆಗಳು ಹಾಯುವ ಬಾಚಣಿಗೆಯಂಥ ಚೌಕಟ್ಟಿನಲ್ಲಿ, ಸಿಕ್ಕಿ ಎಳೆ ಹರಿಯುತ್ತದೆ.

ಪೆರುವಿನ ಕುಸ್ಕೊ ಸೀಮೆಯ ಚಿಂಚೆರೊದಲ್ಲಿ ನೆಲಕ್ಕೆ ಗೂಟ ಬಡಿದು, ಇಬ್ಬರು ಎದುರುಬದುರು ಕೂತು ನೂಲಿನ ಉಂಡೆಯನ್ನು ಅತ್ತಿತ್ತ ದಾಟಿಸುತ್ತಾ ಹಾಸು ಹೂಡುತ್ತಾರೆ. ಆ ಬಟ್ಟೆಯಲ್ಲಿ ಹೊಕ್ಕು ಹೆಚ್ಚುಕಡಿಮೆ ಮರೆಯಾಗಿ, ಚಿತ್ತಾರವೆಲ್ಲ ಹಾಸಿನಲ್ಲೇ ಮೂಡುತ್ತದೆ. ಹಾಗಾಗಿ ಯಾವ ಬಣ್ಣ ಎಲ್ಲಿ ಎಂಬುದು ಉರ್ದಿರ್ ಹೊತ್ತಿಗೇ ತೀರ್ಮಾನವಾಗಿರಬೇಕು.

ಮಗ್ಗದ ಹೊರಗೆ ಈ ಪದ ಕೇಳಿಸುವುದು ಸಂಚಿನ ಮಾತಿನಲ್ಲಿ: ‘ಉರ್ದಿಯೆರೋನ್ ಉನ್ ಪ್ಲಾನ್ ಕೊಂತ್ರಾ ಎಲ್ ರೇ’, ರಾಜನ ವಿರುದ್ಧ ಸಂಚು ಹೂಡಿದರು. ‘ತ್ರಾಮಾರ್’ ಕೂಡ ಇದೇ ಅರ್ಥ ಕೊಡುತ್ತದೆ; ಆದರೆ ಕಥೆಯ ಹಂದರಕ್ಕೆ ‘ತ್ರಾಮಾ’ ಎನ್ನಬೇಕೇ ಹೊರತು ಉರ್ದಿಂಬ್ರೆ ಎನ್ನುವುದಿಲ್ಲ. ಉರ್ದಿರ್‌ನಲ್ಲಿ ಕಪಟದ ವಾಸನೆಯಿದೆ. ಗೆಳತಿಯ ಹುಟ್ಟುಹಬ್ಬದ ಏರ್ಪಾಟಿಗೆ ‘ಓರ್ಗಾನಿಸಾರ್’ ಬಳಸಿ.